ವಸ್ತ್ಯರ್ಬುದವೂ ವಂಶವಾಹಿಗಳ ವಿಕಾರವೂ

ಮೆಲ್ಲನೆ ಬೆಳೆಯುವ, ಆಳವಾದ ಬೇರುಳ್ಳ, ಪಕ್ವವಾಗದ ಮಾಂಸದ ಉಬ್ಬಿಗೆ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ‘ಅರ್ಬುದ’ವೆಂಬ ಹೆಸರುಂಟು. ವಸ್ತಿಯನ್ನು, ಎಂದರೆ ಮೂತ್ರಾಶಯವನ್ನು, ಅದೇ ಗ್ರಂಥವು ಸದ್ಯಃಪ್ರಾಣಹರ ಮರ್ಮಗಳಲ್ಲಿ ಎಣಿಸಿದೆ. ಈ ಮರ್ಮದಲ್ಲಿ ಹುಟ್ಟುವ ಅರ್ಬುದವು ಮುಖ್ಯವಾಗಿ ಎರಡು ಬಗೆಯಾಗಿರುವುದು. ಒಳಪೊರೆಯ ಮಟ್ಟದಲ್ಲಿಯೇ ನಿಲ್ಲುವುದೊಂದು; ಪೊರೆಯನ್ನು ಭೇದಿಸಿ ಮಾಂಸಪೇಶಿಯೊಳಕ್ಕೆ ನುಗ್ಗುವುದು ಇನ್ನೊಂದು. ಮೊದಲನೆಯದು ತೆಗೆದರೂ ಮರಳಿ ಬರುವ ಸ್ವಭಾವದ್ದು, ಆದರೆ ಬಹುಮಟ್ಟಿಗೆ ಪ್ರಾಣಕ್ಕೆರವಾಗದು. ಎರಡನೆಯದರಲ್ಲಿ ಮೂತ್ರಾಶಯವನ್ನೇ ತೆಗೆಯಬೇಕಾಗುವುದುಂಟು. ಆದರೂ ಪ್ರಾಣಾಪಾಯವು ತಪ್ಪುವುದೆಂಬ ನಿಶ್ಚಯವಿಲ್ಲ. ಒಂದೇ ಪೊರೆಯಲ್ಲಿ ಹುಟ್ಟಿದವಕ್ಕೆ ಈ ಭೇದವೇಕೆ ಎಂಬುದು ವಿಚಾರಣೀಯವಾಗಿದೆ.

ಜೀವಕೋಶವು ಇಬ್ಭಾಗವಾಗುವ ಮುನ್ನ ತನ್ನೊಳಗಿನ ಡಿಎನ್‌ಎ ಎಂಬ ಲಿಪಿಯನ್ನು ಪ್ರತಿಮಾಡಿಕೊಳ್ಳುತ್ತದೆ. ಈ ಲಿಪಿಗೆ ಅಕ್ಷರಗಳು ನಾಲ್ಕೇ. ಓಲೆಯ ಪ್ರತಿಕಾರನ ಕೈತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುವಂತೆ ಇಲ್ಲಿಯ ಸ್ಖಾಲಿತ್ಯವೂ ಆ ಕೋಶದ ಸಂತತಿಗೆ ಇಳಿಯುವುದು. ಈ ವಿಕಾರಗಳು ಬಹುತೇಕ ಆಯುಷ್ಯದಲ್ಲಿ ಸಂಭವಿಸಿದವೇ ಹೊರತು ತಂದೆಯಿಂದ ಮಗನಿಗೆ ಬರುವಂತಹವಲ್ಲ. ಬಾಹ್ಯವಿಷಗಳೂ ಕಾರಣವಾಗುವುವು. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ರೋಗವನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ ೧೮೯೫ರಲ್ಲಿ ತೋರಿಸಿದನು; ತಂಬಾಕಿನ ಹೊಗೆಯೇ ಇಂದು ಪ್ರಧಾನ ಕಾರಣವೆಂದು ಸಿದ್ಧವಾಗಿದೆ.

ಮೂತ್ರಾಶಯಾರ್ಬುದದಿಂದ ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ‘ಎಚ್‌ರಾಸ್’ ಎಂಬ ವಂಶವಾಹಿಯ ಒಂದೇ ಅಕ್ಷರವು ಪಲ್ಲಟಗೊಂಡಿರುವುದನ್ನು ೧೯೮೨ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡರು. ಅದರಿಂದ ಪ್ರೋಟೀನಿನ ೧೨ನೆಯ ಸ್ಥಾನದಲ್ಲಿ ಗ್ಲೈಸೀನಿಗೆ ಬದಲಾಗಿ ವ್ಯಾಲೀನ್ ಬಂದಿತ್ತು. ಮಾನವಾರ್ಬುದವೊಂದರಲ್ಲಿ ಇಂತಹ ಅಕ್ಷರದೋಷವು ಸ್ಪಷ್ಟವಾದುದು ಅದೇ ಮೊದಲು.

ಆದರೆ ಒಂದು ದೋಷದಿಂದಲೇ ರೋಗವು ಮಾರಕವಾಗುವುದಿಲ್ಲ. ಪೊರೆಯಲ್ಲಿ ನಿಲ್ಲುವ ಅರ್ಬುದಗಳಲ್ಲಿ ‘ಎಫ್‌ಜಿಎಫ್‌ಆರ್೩’ ಎಂಬ ವಂಶವಾಹಿಯ ವಿಕಾರವು ಹೆಚ್ಚು. ಅದು ‘ಬೆಳೆ’ ಎಂಬ ಆಜ್ಞೆಯನ್ನು ಎಡೆಬಿಡದೆ ಕೊಡಿಸುವುದು. ಒಳನುಗ್ಗುವವುಗಳಲ್ಲಿ ಕೆಡುವುದು ತಿದ್ದುವವನೇ. ‘ಟಿಪಿ೫೩’ ಎಂಬುದು ದೋಷವನ್ನು ಕಂಡೊಡನೆ ಪ್ರತಿಮಾಡುವುದನ್ನು ತಡೆಯುವುದು. ತಿದ್ದಲಾಗದಿದ್ದರೆ ಕೋಶವನ್ನೇ ಅಳಿಸುವುದು. ‘ಆರ್‌ಬಿ೧’ ವಿಭಜನೆಗೆ ಕಡಿವಾಣ. ‘ಕೆಡಿಎಂ೬ಎ’, ‘ಎಆರ್‌ಐಡಿ೧ಎ’ ಮೊದಲಾದವು ಲಿಪಿಯ ಯಾವ ಭಾಗವು ಓದಿಗೆ ತೆರೆದಿರಬೇಕೆಂಬುದನ್ನು ನಿಯಮಿಸುವುವು. ಒಳನುಗ್ಗಿದ ೪೧೨ ಅರ್ಬುದಗಳನ್ನು ಪರಿಶೋಧಿಸಿ ೨೦೧೭ರಲ್ಲಿ ಪ್ರಕಟಿಸಿದ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಯೋಜನೆಯಲ್ಲಿ ಸುಮಾರು ಅರ್ಧದಷ್ಟರಲ್ಲಿ ‘ಟಿಪಿ೫೩’ ಕೆಟ್ಟಿತ್ತು. ಶೋಧಕನೇ ದುಷ್ಟನಾದ ಮೇಲೆ ದೋಷದ ಮೇಲೆ ದೋಷ ಕೂಡುವುದು ಸಹಜವಷ್ಟೆ.

ಪಾಠಾಂತರಗಳೆಲ್ಲ ಅರ್ಥವನ್ನು ಕೆಡಿಸುವುದಿಲ್ಲ. ಅಂತೆಯೇ ಇಲ್ಲಿ ಕಾಣುವ ವಿಕಾರಗಳಲ್ಲಿ ಬಹಳವು ರೋಗಕಾರಕಗಳಲ್ಲ. ಎರಡು ಮಾರ್ಗಗಳ ನಡುವೆ ಗೋಡೆಯೂ ಇಲ್ಲ: ಕೆಲವು ಮಾರಕ ಅರ್ಬುದಗಳಲ್ಲಿಯೂ ‘ಎಫ್‌ಜಿಎಫ್‌ಆರ್೩’ ವಿಕಾರವು ತೋರುವುದು. ಅಂತಹ ರೋಗಿಗಳಲ್ಲಿ, ರೋಗವು ಹರಡಿದ ಮೇಲೆ ಬಳಸುವುದಕ್ಕೆ, ಆ ಆಜ್ಞೆಯನ್ನೇ ತಡೆಯುವ ಎರ್ಡಾಫಿಟಿನಿಬ್ ಎಂಬ ಔಷಧಕ್ಕೆ ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೀಗೆ ದೋಷವು ಯಾವ ಸ್ಥಾನದಲ್ಲಿದೆ ಎಂಬುದರ ನಿರ್ಣಯವೇ ಕೆಲವರ ಪಾಲಿಗೆ ಚಿಕಿತ್ಸೆಯ ದಾರಿಯಾಗಿದೆ.