ಮಗಳು ಬಿಡಿಸುವ ಚೌಕಗಳಲ್ಲಿ ಏನಿದೆ?

ನಿಮ್ಮ ಮನೆಯಲ್ಲಿ ಹತ್ತನೆಯ ತರಗತಿಯ ಮಗಳಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಗಣಿತದ ನೋಟ್ ಪುಸ್ತಕದ ಕೊನೆಯ ಪುಟಗಳನ್ನು ತಿರುವಿದರೆ ಅಲ್ಲಿ ಲೆಕ್ಕಗಳಿಲ್ಲ, ಸಾಲಾಗಿ ಚೌಕಗಳಿವೆ. ಚೌಕಗಳೊಳಗೆ ಸ್ಕಾರ್ಫ್ ಧರಿಸಿದ ಹುಡುಗಿ, ಬಸ್ಸಿನ ಕಂಡಕ್ಟರ್, ಅಜ್ಜಿ, ಬೆಕ್ಕು ಇದ್ದಾರೆ. ನೀವೇನು ಮಾಡುವಿರಿ? "ಪರೀಕ್ಷೆ ಹತ್ತಿರ ಬಂತು, ಇದೇನು ಹುಡುಗಾಟ?" ಎಂದು ಗದರುವಿರಾ? ಪುಟವನ್ನೇ ಹರಿದು ಹಾಕುವಿರಾ? ಅಥವಾ ಐದು ನಿಮಿಷ ಕುಳಿತು ಅದರಲ್ಲಿ ಅವಳೇನು ಹೇಳಿದ್ದಾಳೆಂದು ಓದುವಿರಾ?

ಓದಿ ನೋಡಿ ಎಂಬುದು ಈ ಲೇಖನದ ವಿನಂತಿ. ಏಕೆಂದರೆ ಇಂತಹದೇ ಚೌಕಗಳಿಂದ ಲೋಕದೊಂದಿಗೆ ಮಾತಾಡಿದ ಮುಸ್ಲಿಮ್ ಹೆಣ್ಮಕ್ಕಳು ನಮ್ಮ ಕಾಲದಲ್ಲಿಯೇ ಇದ್ದಾರೆ. ಹಿಂದೆ ಕಾಮಿಕ್ಸ್ ಎಂದರೆ ಪ್ರಕಾಶಕರು, ಮುದ್ರಣಾಲಯ, ಅಂಗಡಿ ಎಲ್ಲವೂ ಬೇಕಿತ್ತು. ಇಂದು ಬರೆದವಳೇ ಅಂತರ್ಜಾಲದಲ್ಲಿ ಪ್ರಕಟಿಸಬಹುದು. ಇದನ್ನು ವೆಬ್‌ಕಾಮಿಕ್ ಎನ್ನುತ್ತಾರೆ.

ಒಂದು ಪ್ರಶ್ನೆಯಿಂದ ಹುಟ್ಟಿದ ಪುಸ್ತಕ

ಹುದಾ ಫಹ್ಮಿ ಅಮೆರಿಕದ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಬೆಳೆದವರು. ಇಂಗ್ಲಿಷ್ ಸಾಹಿತ್ಯ ಓದಿ, ಎಂಟು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಶಿಕ್ಷಕಿ. ಹಿಜಾಬ್ ಧರಿಸುವ ತನಗೆ ದಿನವೂ ಎದುರಾಗುವ ಅನುಭವಗಳನ್ನು ಅವರು ಬರೆಯತೊಡಗಿದರು. ಇವನ್ನು ಕಾಮಿಕ್ಸ್ ಮಾಡು ಎಂದು ಹುರಿದುಂಬಿಸಿದವರು ಸ್ವಂತ ಅಕ್ಕ. 2017ರಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಆರಂಭವಾದ ಈ ಚಿತ್ರಗಳು 2018ರಲ್ಲಿ ಪುಸ್ತಕವಾದವು. ಹೆಸರು 'ಯೆಸ್, ಐಯಾಮ್ ಹಾಟ್ ಇನ್ ದಿಸ್'. ಅಂದರೆ, 'ಹೌದು, ಇದರೊಳಗೆ ಸೆಖೆಯಾಗುತ್ತದೆ'. ಹಿಜಾಬ್ ಧರಿಸಿದವರೆಲ್ಲ ಬೇಸಿಗೆಯಲ್ಲಿ ಕೇಳಿಸಿಕೊಳ್ಳುವ ಪ್ರಶ್ನೆಗೆ ಅವರು ಕೊಟ್ಟ ಉತ್ತರವದು. ಸಿಟ್ಟಿಲ್ಲ, ಭಾಷಣವಿಲ್ಲ. ಕೇಳಿದವರೂ ನಗುತ್ತಾರೆ, ಕೇಳಿಸಿಕೊಂಡವರೂ ನಗುತ್ತಾರೆ. ಅವರ 'ಹುದಾ ಎಫ್ ಕೇರ್ಸ್?' ಎಂಬ ಪುಸ್ತಕ 2023ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಪಟ್ಟಿಗೆ ಆಯ್ಕೆಯಾಗಿತ್ತು.

ಅವರ ಚಿತ್ರಗಳನ್ನು ಕಂಡರೆ ನಿಮಗೆ ಅಚ್ಚರಿಯಾದೀತು. ಸರಳ ಗೆರೆಗಳು, ಬಹಳ ಕಡಿಮೆ ಹಿನ್ನೆಲೆ. ಕೈಚಳಕಕ್ಕಿಂತ ಹೆಚ್ಚಾಗಿ ಹೇಳಲೊಂದು ಮಾತಿರಬೇಕು ಎಂಬುದಕ್ಕೆ ಅವೇ ಸಾಕ್ಷಿ.

ಕೈರೋದ 'ಕಾಹಿರಾ'

ಎರಡನೆಯ ಉದಾಹರಣೆ ಈಜಿಪ್ಟಿನದು. 2013ರಲ್ಲಿ ದೀನಾ ಮುಹಮ್ಮದ್ ಎಂಬ 18ರ ಹರೆಯದ ವಿದ್ಯಾರ್ಥಿನಿ ತನ್ನ ಹೆಸರು ಹೇಳದೆ 'ಕಾಹಿರಾ' ಎಂಬ ವೆಬ್‌ಕಾಮಿಕ್ ಆರಂಭಿಸಿದಳು. ಕಾಹಿರಾ ಎಂದರೆ ಅರಬಿಯಲ್ಲಿ ಕೈರೋ ನಗರದ ಹೆಸರು. 'ಜಯಿಸುವವಳು' ಎಂಬ ಅರ್ಥವೂ ಇದೆ. ಕಥಾನಾಯಕಿ ಹಿಜಾಬ್ ಧರಿಸಿದ ವೀರವನಿತೆ. ಬೀದಿಯಲ್ಲಿ ಹೆಣ್ಮಕ್ಕಳನ್ನು ಪೀಡಿಸುವವರನ್ನು ಅವಳು ಬಿಡುವುದಿಲ್ಲ. ಹಿಜಾಬ್ ಧರಿಸಿದವಳನ್ನು ಕಂಡ ಕೂಡಲೇ 'ಪಾಪ, ಇವಳನ್ನು ಬಿಡಿಸಬೇಕು' ಎಂದು ಹೊರಗಿನಿಂದ ಓಡಿ ಬರುವವರನ್ನೂ ಬಿಡುವುದಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯಿದೆ. ಹೊರಗಿನವರ ತಪ್ಪನ್ನು ಮಾತ್ರ ತೋರಿಸಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ನಮ್ಮೊಳಗಿನ ಅನ್ಯಾಯವನ್ನೂ ಅವಳು ಅದೇ ಕೈಯಿಂದ ಬರೆದಳು. ಸ್ವಂತ ಸಮುದಾಯದ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿರಿ ಎಂದು ಕುರ್‌ಆನ್ ಕಲಿಸುತ್ತದೆಯಲ್ಲವೇ?

ಮುಂದೆ ದೀನಾ 'ಶುಬೈಕ್ ಲುಬೈಕ್' ಎಂಬ ಚಿತ್ರ ಕಾದಂಬರಿಯ ಮೊದಲ ಭಾಗವನ್ನು ಅರಬಿಯಲ್ಲಿ ತಾನೇ ಪ್ರಕಟಿಸಿದರು. ಅದಕ್ಕೆ 2017ರ ಕೈರೋ ಕಾಮಿಕ್ಸ್ ಉತ್ಸವದಲ್ಲಿ ದೊಡ್ಡ ಬಹುಮಾನ ಬಂತು. 2023ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಹೊರಬಂತು.

ದೂರದ ಮಾತೇಕೆ? ನಮ್ಮ ಬೆಂಗಳೂರಿನ ಮುಹಮ್ಮದ್ ಅಲಿ ವಕೀಲ್ ಮತ್ತು ಮುಹಮ್ಮದ್ ಆರಿಫ್ ವಕೀಲ್ ಸಹೋದರರು ಇದೇ ದಾರಿಯಲ್ಲಿ ನಡೆದವರು. ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದ ಕಿರು ನೀತಿಕಥೆಗಳನ್ನು ಅವರು 2011ರಲ್ಲಿ '40 ಸೂಫಿ ಕಾಮಿಕ್ಸ್' ಎಂಬ ಪುಸ್ತಕವಾಗಿ ತಂದರು. ಬಗ್ದಾದಿನ ಬಹ್ಲೂಲ್‌ನ ಕಥೆಗಳೂ ರೂಮಿಯ ಕಥೆಗಳೂ ಅನಂತರ ಬಂದವು. ಕನ್ನಡದಲ್ಲಿ ಇಂತಹ ಕೆಲಸಕ್ಕೆ ಜಾಗ ಬಹಳ ಖಾಲಿಯಿದೆ.

ಚಿತ್ರ ಬಿಡಿಸುವುದು ಸರಿಯೇ?

ಮನೆಯ ಹಿರಿಯರು ಮೊದಲು ಕೇಳುವುದು ಇದನ್ನೇ. ಈ ಪ್ರಶ್ನೆಯನ್ನು ತಳ್ಳಿ ಹಾಕಬಾರದು. ಚಿತ್ರ ರಚಿಸುವವರ ಕುರಿತು ಕಠಿಣ ಎಚ್ಚರಿಕೆ ನೀಡುವ ಹದೀಸ್‌ಗಳು ಬುಖಾರಿ, ಮುಸ್ಲಿಮ್‌ಗಳಲ್ಲಿವೆ. ಆದ್ದರಿಂದಲೇ ಪೂರ್ವಕಾಲದ ಬಹುತೇಕ ವಿದ್ವಾಂಸರು ಜೀವಿಗಳ ಚಿತ್ರವನ್ನು ನಿಷಿದ್ಧವೆಂದರು. ಆದರೆ ಹ. ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದರು, ಪ್ರವಾದಿ(ಸ)ರು ಅದನ್ನು ತಡೆಯಲಿಲ್ಲ ಎಂಬುದೂ ಹದೀಸ್‌ನಲ್ಲಿದೆ. ಚಿತ್ರಕಾರನೊಬ್ಬನಿಗೆ ಇಬ್ನು ಅಬ್ಬಾಸ್(ರ)ರು ಮರಗಳನ್ನೂ ನಿರ್ಜೀವ ವಸ್ತುಗಳನ್ನೂ ಬಿಡಿಸುವಂತೆ ಸಲಹೆ ನೀಡಿದ್ದರು. ಆಧುನಿಕ ವಿದ್ವಾಂಸರಲ್ಲಿ ಯೂಸುಫ್ ಅಲ್ ಕರ್ಝಾವಿಯಂತಹವರು, ಪೂಜ್ಯಭಾವನೆಗೂ ಅಶ್ಲೀಲತೆಗೂ ಎಡೆಗೊಡದ ಕಾಗದದ ಮೇಲಿನ ಚಿತ್ರಗಳಿಗೆ ಅವಕಾಶವಿದೆ ಎಂದಿದ್ದಾರೆ. ಹೀಗೆ ಇದು ಅಭಿಪ್ರಾಯ ಭೇದವಿರುವ ವಿಷಯ. ನೀವು ನಂಬುವ ವಿದ್ವಾಂಸರಲ್ಲಿ ಕೇಳಿ, ಮಗಳನ್ನೂ ಜೊತೆಗೆ ಕೂರಿಸಿ. ಕಠಿಣ ನಿಲುವನ್ನು ಆರಿಸಿಕೊಂಡರೂ ಬಾಗಿಲು ಮುಚ್ಚುವುದಿಲ್ಲ. ಕೊಡೆ, ಚಪ್ಪಲಿ, ಚಹಾದ ಲೋಟಗಳು ಮಾತಾಡುವ ಕಾಮಿಕ್ಸ್ ಕೂಡ ಚೆನ್ನಾಗಿಯೇ ಇರುತ್ತದೆ. ಪ್ರವಾದಿಗಳನ್ನು ಚಿತ್ರಿಸಬಾರದೆಂಬುದನ್ನಂತೂ ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಕೊಡಬೇಕು.

ನಗುವಿಗೂ ಮರ್ಯಾದೆಯಿದೆ. ಪ್ರವಾದಿ(ಸ)ರು ತಮಾಷೆ ಮಾಡುತ್ತಿದ್ದರು, ತಮಾಷೆಯಲ್ಲೂ ಸತ್ಯವನ್ನೇ ಹೇಳುತ್ತಿದ್ದರು. ಇನ್ನೊಬ್ಬರನ್ನು ಗೇಲಿ ಮಾಡಬೇಡಿ, ಅಡ್ಡಹೆಸರಿನಿಂದ ಕರೆಯಬೇಡಿ ಎಂದು ಸೂರಃ ಹುಜುರಾತ್ ತಾಕೀತು ಮಾಡುತ್ತದೆ. ನೆರೆಮನೆಯ ಚಿಕ್ಕಮ್ಮನನ್ನು ಗುರುತು ಹಿಡಿಯುವಂತೆ ಬಿಡಿಸಿ ನಗಿಸುವುದು ಪರದೂಷಣೆಯೇ ಹೊರತು ಕಲೆಯಲ್ಲ.

ಕೆಲಸ ನಡೆಯುವುದು ಹೇಗೆ?

ಮೊದಲು ಕಥೆ ಬರೆಯಬೇಕು. ಮೂರು ಅಥವಾ ನಾಲ್ಕು ಚೌಕ ಸಾಕು. ಪೆನ್ಸಿಲ್‌ನಲ್ಲಿ ಬಿಡಿಸಿ, ಕಪ್ಪು ಶಾಯಿಯಲ್ಲಿ ತಿದ್ದಿ, 300 ಡಿಪಿಐ ಪ್ರಮಾಣದಲ್ಲಿ ಸ್ಕ್ಯಾನ್ ಮಾಡಬೇಕು. ಮೊಬೈಲಿಗಾಗಿ ಚಿಕ್ಕದು ಮಾಡಿದ ಚಿತ್ರ ಮುಂದೆ ಪುಸ್ತಕಕ್ಕೆ ಬಾರದು. ಆದ್ದರಿಂದ ದೊಡ್ಡ ಮೂಲಪ್ರತಿಯನ್ನು ಬೇರೆಯೇ ಕಾದಿರಿಸಬೇಕು. ಮಾತುಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯುವುದು ಒಳ್ಳೆಯದು. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಒಡೆದು ಹೋಗುತ್ತವೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಅವು ಸರಿಯಾಗಿ ಮೂಡುತ್ತವೆ. 'ಬಾಲೂ ತಮ್ಮ' ಎಂಬ ದುಂಡನೆಯ ಉಚಿತ ಅಕ್ಷರ ಶೈಲಿ ಕಾಮಿಕ್ಸ್‌ಗೆ ಒಪ್ಪುತ್ತದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ನಿಯಮ ತಪ್ಪದಿರುವುದು. ವಾರಕ್ಕೊಂದು ಎಂದರೆ ವಾರಕ್ಕೊಂದು. ಹತ್ತು ಕಂತುಗಳನ್ನು ಮೊದಲೇ ಮುಗಿಸಿಟ್ಟುಕೊಂಡು ಪ್ರಕಟಿಸಲು ಆರಂಭಿಸಿದರೆ ಪರೀಕ್ಷೆಯ ದಿನಗಳಲ್ಲಿ ತೊಂದರೆಯಾಗದು.

ಹಣ ಬರುತ್ತದೆಯೇ? ಹೆಚ್ಚಿನವರಿಗೆ ಬರುವುದಿಲ್ಲ. ಕೆಲವರು ಪುಸ್ತಕ ಮಾರುತ್ತಾರೆ, ಕೆಲವರಿಗೆ ಓದುಗರೇ ಪೇಟ್ರಿಯಾನ್‌ನಂತಹ ವ್ಯವಸ್ಥೆಯ ಮೂಲಕ ತಿಂಗಳಿಗಿಷ್ಟು ಕೊಡುತ್ತಾರೆ. ಓದು ಬಿಟ್ಟು ಮಾಡುವ ಕೆಲಸ ಇದಲ್ಲ. ಆದರೆ ಹಕ್ಕು ಮಾತ್ರ ಮೊದಲ ದಿನದಿಂದಲೇ ಅವಳದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರ ರಚನೆಯಾದ ಕೂಡಲೇ ಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ರಚಿಸಿದವರ ಜೀವಿತಾವಧಿ ಮತ್ತು ಅನಂತರದ 60 ವರ್ಷ ಅದು ಉಳಿಯುತ್ತದೆ. ಪ್ರತಿ ಚಿತ್ರದ ಮೂಲೆಯಲ್ಲಿ ಅಂಕಿತನಾಮ ಬರೆಯುವ ಅಭ್ಯಾಸವಿರಲಿ.

ತಂದೆ ತಾಯಂದಿರು ಜೊತೆಗಿರಲಿ

ಇನ್‌ಸ್ಟಾಗ್ರಾಮ್‌ನಲ್ಲಿ 13 ವರ್ಷ ತುಂಬದವರು ಖಾತೆ ತೆರೆಯುವಂತಿಲ್ಲ. ತುಂಬಿದವರಾದರೂ ಖಾತೆಯ ಕೀಲಿಕೈ ಕೆಲ ಕಾಲ ಅಮ್ಮನ ಕೈಯಲ್ಲಿರಲಿ. ಭಾವಚಿತ್ರ, ಶಾಲೆಯ ಹೆಸರು, ಮನೆಯ ವಿಳಾಸ ಬೇಡ. ದೀನಾ ಕೂಡ ಆರಂಭದಲ್ಲಿ ಹೆಸರು ಮರೆಮಾಚಿದ್ದಳು, ಅದರಿಂದ ಅವಳ ಮಾತಿನ ತೂಕವೇನೂ ಕಡಿಮೆಯಾಗಲಿಲ್ಲ. ಕೆಟ್ಟ ಪ್ರತಿಕ್ರಿಯೆಗಳು ಬಂದೇ ಬರುತ್ತವೆ. ಅವನ್ನು ಮಗಳು ಒಬ್ಬಳೇ ರಾತ್ರಿ ಕುಳಿತು ಓದುವಂತಾಗಬಾರದು. ನಮಾಝ್ ಮತ್ತು ಪಾಠಗಳ ಸಮಯ ಮೊದಲು, ಚಿತ್ರ ಅನಂತರ ಎಂಬ ಒಪ್ಪಂದವೂ ಇರಲಿ.

ನಮ್ಮ ಹೆಣ್ಮಕ್ಕಳ ಉಡುಪಿನ ಬಗ್ಗೆ, ಓದಿನ ಬಗ್ಗೆ, ಮನೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಹಿಜಾಬ್ ವಿವಾದದ ವೇಳೆ ಎಷ್ಟು ಮಾತುಗಳಾದವು, ಅದರಲ್ಲಿ ಆ ಹುಡುಗಿಯರದೇ ಮಾತು ಎಷ್ಟಿತ್ತು ಎಂದು ಲೆಕ್ಕ ಹಾಕಿ ನೋಡಿ. ಇತರರು ನಮ್ಮನ್ನು ತಪ್ಪಾಗಿ ಚಿತ್ರಿಸುತ್ತಾರೆಂದು ದೂರುವ ನಾವು, ಸರಿಯಾಗಿ ಹೇಳಬಲ್ಲವಳ ಕೈಯಿಂದ ಪೆನ್ಸಿಲ್ ಕಸಿದುಕೊಳ್ಳುವುದು ಎಷ್ಟು ನ್ಯಾಯ? ಪ್ರತಿಭೆಯು ಅಲ್ಲಾಹನು ಒಪ್ಪಿಸಿದ ಅಮಾನತ್ತು. ಅದನ್ನು ಒಳಿತಿನ ದಾರಿಗೆ ಹಚ್ಚುವ ಹೊಣೆ ಹೆತ್ತವರದು. ಅಲ್ಲಾಹನು ಅದಕ್ಕೆ ನಮಗೆಲ್ಲರಿಗೂ ಅನುಗ್ರಹ ನೀಡಲಿ.