ಕಡಲ ಗಾಳಿಯಲ್ಲಿ ಸ್ಕೂಟರಿನ ಗೀರು

ತಿರುವನಂತಪುರದ ಹೊರವಲಯದಲ್ಲಿ ಕಡಲಿಗೆ ಒತ್ತಿಕೊಂಡಿರುವ ತುಂಬ ಎಂಬ ಊರಿಗೆ ಹೆಸರು ತಂದದ್ದು ರಾಕೆಟ್. ಭೂಕಾಂತೀಯ ಸಮಭಾಜಕ ರೇಖೆಗೆ ಹತ್ತಿರದ ಊರೆಂದು ವಿಕ್ರಮ್ ಸಾರಾಭಾಯಿ ಮತ್ತು ಸಂಗಡಿಗರು ಈ ಮೀನುಗಾರರ ಹಳ್ಳಿಯನ್ನು ಆರಿಸಿಕೊಂಡರು. 1963ರ ನವೆಂಬರ್ 21ರಂದು ಇಲ್ಲಿಂದ ಮೊದಲ ರಾಕೆಟ್ ಹಾರಿತು. ಇಲ್ಲಿನ ಬಾಹ್ಯಾಕಾಶ ಕೇಂದ್ರಕ್ಕೆ ಕೆಲಸಕ್ಕೆಂದು ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಅವರ ಸ್ಕೂಟರುಗಳು ಹಗಲಿರುಳು ನಿಲ್ಲುವುದು ಅರಬ್ಬಿ ಸಮುದ್ರದ ಉಪ್ಪುಗಾಳಿಯಲ್ಲಿ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಬರೀ ಗೀರಾಗಿಯೇ ಉಳಿಯುವ ಗೀರು ಇಲ್ಲಿ ಒಂದೇ ಮಳೆಗಾಲದಲ್ಲಿ ತುಕ್ಕಿನ ಗುಳ್ಳೆಯಾಗಬಹುದು. ಉಳ್ಳಾಲ, ಮಲ್ಪೆ, ಕಾರವಾರ, ಕಾಸರಗೋಡಿನ ಓದುಗರಿಗೂ ಈ ಮಾತು ಸಲ್ಲುತ್ತದೆ.

ಗೀರು ಬಿದ್ದ ಭಾಗವನ್ನು ಬಿಚ್ಚಿ ಬದಲಿಸುವುದು ಹಿಂದೆ ಇಷ್ಟು ಸುಲಭವಿರಲಿಲ್ಲ. ಇಟಲಿಯ ಪೊಂಟೆಡೆರಾದಲ್ಲಿ ವಿಮಾನ ಕಟ್ಟುತ್ತಿದ್ದ ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಅದನ್ನು ವಿನ್ಯಾಸ ಮಾಡಿದ ಕೊರಾಡಿನೊ ದಸ್ಕಾನಿಯೊ ಹೆಲಿಕಾಪ್ಟರಿನ ಎಂಜಿನಿಯರ್. ವಿಮಾನದಲ್ಲಿ ಹೊರಚಿಪ್ಪೇ ಭಾರ ಹೊರುವಂತೆ ಇಲ್ಲೂ ಒತ್ತಿ ಬಾಗಿಸಿದ ಉಕ್ಕಿನ ತಗಡೇ ಗಾಡಿಯ ಅಸ್ಥಿಪಂಜರ. ನಮ್ಮ ಬಜಾಜ್ ಚೇತಕ್ ಅದೇ ವಂಶದ್ದು. ಎಂಜಿನ್ ಬದಿಯ ಉಬ್ಬು ಮುಚ್ಚಳಗಳನ್ನು ಕಳಚಬಹುದಿತ್ತು; ಮುಂದಿನ ಅಗಲ ತಗಡು ನೆಗ್ಗಿದರೆ ಟಿಂಕರಿಂಗ್ ಮಾಡಿಸದೆ ಗತಿಯಿರಲಿಲ್ಲ.

ಈಗಿನ ಸ್ಕೂಟರಿನಲ್ಲಿ ಭಾರ ಹೊರುವುದು ಒಳಗಿನ ಚಾಸಿ. ಹೊರಗೆ ಕಾಣುವುದೆಲ್ಲ ಅದರ ಮೇಲೆ ತೊಡಿಸಿದ ಹೊದಿಕೆ. ಟಿವಿಎಸ್ ಸ್ಕೂಟಿಯಂಥ ಹಗುರ ಗಾಡಿಗಳು ಪ್ಲಾಸ್ಟಿಕ್ ಹೊದಿಕೆಯನ್ನು ಬಳಕೆಗೆ ತಂದವು. 2001ರಲ್ಲಿ ರಸ್ತೆಗಿಳಿದ ಹೋಂಡಾ ಆಕ್ಟಿವಾ ತಗಡಿನ ಹೊದಿಕೆಯನ್ನೇ ನೆಚ್ಚಿಕೊಂಡಿತು. ಬೆಂಗಳೂರಿನ ಏಥರ್ ಮತ್ತೆ ಪ್ಲಾಸ್ಟಿಕ್ಕಿನದು. ಹೆಚ್ಚಿನ ಗಾಡಿಗಳಲ್ಲಿ ಎರಡೂ ಬೆರೆತಿರುತ್ತವೆ. ಬಣ್ಣ ಒಂದೇ ಇರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಗೀರಿನ ಪಕ್ಕ ಇಡಿ. ಅಂಟಿದರೆ ಉಕ್ಕು. ಮುಂದೆ ಮಾಡಬೇಕಾದ್ದೆಲ್ಲ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ.

ಉಕ್ಕಿಗೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. ಮಳೆ ನಿಂತು ಬಿಸಿಲು ಬಂದರೆ ಗಾಡಿ ಒಣಗಿತು ಎಂದುಕೊಳ್ಳುತ್ತೇವೆ. ಕಡಲತೀರದಲ್ಲಿ ಅದು ಒಣಗುವುದಿಲ್ಲ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ತೇವಾಂಶ ಶೇ 75ರ ಆಸುಪಾಸು ದಾಟಿದೊಡನೆ ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ 33ರಷ್ಟು ತೇವಾಂಶವೇ ಸಾಕು. ತುಂಬದಂಥ ಊರಿನಲ್ಲಿ ಗಾಳಿ ಅಷ್ಟು ಒಣಗುವುದು ಅಪರೂಪ. ಹಾಗಾಗಿ ಗೀರಿನೊಳಗೆ ಕೂತ ಉಪ್ಪಿನ ಕಣ ಮಳೆಯಿಲ್ಲದ ದಿನವೂ ತನ್ನ ಸುತ್ತ ಒಂದು ತೆಳು ನೀರ ಪೊರೆಯನ್ನು ಇಟ್ಟುಕೊಂಡಿರುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗ ಹರಿಯುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆಗೆ ವೇಗ ಬರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವ ವಸ್ತು. ಅದು ಉಬ್ಬಿ ಪಕ್ಕದ ಬಣ್ಣವನ್ನು ಎಬ್ಬಿಸುತ್ತದೆ, ಎದ್ದ ಬಣ್ಣದಡಿಗೆ ಮತ್ತೆ ಉಪ್ಪುನೀರು ನುಗ್ಗುತ್ತದೆ. ಮೇಲೆ ಕೂದಲೆಳೆಯಂಥ ಗೀರು ಕಾಣುವಾಗ ಅಡಿಯಲ್ಲಿ ಬೆರಳಗಲ ಹರಡಿರಬಹುದು.

ಪ್ಲಾಸ್ಟಿಕ್ಕಿಗೆ ಈ ಕಾಟವಿಲ್ಲ. ಆದ್ದರಿಂದ ಉಕ್ಕಿನ ಮೇಲಿನ ಆಳದ ಗೀರನ್ನು ಆ ವಾರವೇ ನೋಡಿಕೊಳ್ಳಬೇಕು, ಪ್ಲಾಸ್ಟಿಕ್ ಕಾಯಬಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಜನ ಮಾಡುವುದು ತಿರುಗುಮುರುಗು. ಮುಂದೆ ಎದ್ದು ಕಾಣುವ ಪ್ಲಾಸ್ಟಿಕ್ ಭಾಗವನ್ನು ಹೊಸದು ಹಾಕಿಸುತ್ತಾರೆ, ಕಾಲ ಬಳಿಯ ತಗಡಿನ ಗೀರನ್ನು ಮರೆಯುತ್ತಾರೆ.

ಆಳ ಎಷ್ಟೆಂದು ತಿಳಿಯಲು ಗೀರಿನ ಮೇಲೆ ಒಂದು ಹನಿ ನೀರು ಬಿಡಿ. ಬಣ್ಣದ ಮೇಲಿರುವ ಪಾರದರ್ಶಕ ಪದರ, ಮೆಕ್ಯಾನಿಕ್‌ಗಳು ಕ್ಲಿಯರ್ ಕೋಟ್ ಎನ್ನುವುದು, ಮಾತ್ರ ತರಚಿದ್ದರೆ ಬಿಳಿ ಗೆರೆ ಮಾಯವಾಗುತ್ತದೆ. ಒರಟು ಅಂಚುಗಳಲ್ಲಿ ಬೆಳಕು ಚೆದರುವುದರಿಂದ ಆ ಗೆರೆ ಬೆಳ್ಳಗೆ ಕಾಣುತ್ತಿತ್ತು. ನೀರಿನ ವಕ್ರೀಭವನ ಸೂಚಿ 1.33, ಕ್ಲಿಯರ್ ಕೋಟಿನದು ಸುಮಾರು 1.5. ಗಾಳಿಯ ಜಾಗದಲ್ಲಿ ನೀರು ತುಂಬಿದೊಡನೆ ಎರಡರ ಅಂತರ ಕಡಿಮೆಯಾಗಿ ಚೆದರಿಕೆಯೂ ಇಳಿಯುತ್ತದೆ. ಇಂಥ ಗೀರಿಗೆ ಪಾಲಿಶ್ ಸಾಕು, ಏನನ್ನೂ ಬಿಚ್ಚಬೇಕಿಲ್ಲ. ಗೀರಿನ ಮೇಲೆ ಆಡಿಸಿದ ಉಗುರು ಸಿಕ್ಕಿಹಾಕಿಕೊಂಡರೆ ಗಾಯ ಬಣ್ಣದ ತನಕ ಇಳಿದಿದೆ. ತಗಡಾದರೆ ತುಕ್ಕನ್ನು ಉಪ್ಪುಕಾಗದದಿಂದ ಪೂರ್ತಿ ಉಜ್ಜಿ, ಪ್ರೈಮರ್ ಕೊಟ್ಟು, ಆಮೇಲೆ ಬಣ್ಣ. ತೂತು ಬಿದ್ದಿದ್ದರೆ ಬದಲಿಸಿ. ಪ್ಲಾಸ್ಟಿಕ್ಕನ್ನು ಬದಲಿಸಬೇಕಾದದ್ದು ಅದು ಸೀಳಿದಾಗ ಅಥವಾ ಅದರ ಲಾಕು ಮುರಿದಾಗ.

ಲಾಕು ಎಂದರೆ ಪ್ಯಾನೆಲ್ಲಿನ (ಹೊದಿಕೆಯ ಒಂದೊಂದು ತುಂಡಿನ) ಒಳಬದಿಯಲ್ಲಿ ಅದರೊಂದಿಗೇ ಎರಕವಾಗಿ ಬಂದ ನಾಲಿಗೆಯಂಥ ಕೊಕ್ಕೆ. ಬಿಚ್ಚುವಾಗ ಕೆಡುವುದು ಹೆಚ್ಚಾಗಿ ಇದೇ. ಅದು ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ. ಹಲವು ಪ್ಯಾನೆಲ್ಲುಗಳನ್ನು ಮೊದಲು ಹಿಂದಕ್ಕೋ ಮುಂದಕ್ಕೋ ಜಾರಿಸಿ, ಆಮೇಲಷ್ಟೇ ಹೊರಕ್ಕೆ ಎಳೆಯಬೇಕು. ಬಲ ಬೇಕಾಯಿತೆಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ. ಮ್ಯಾಟಿನ ಅಡಿ, ಸೀಟಿನ ಕೆಳಗೆ, ಹಿಂದಿನ ಹಿಡಿಯ ಬೋಲ್ಟಿನ ಬಳಿ ಹುಡುಕಿ. ಪ್ಯಾನೆಲ್ಲಿಗೆ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ ಬಾಗಿ ಬೆಳ್ಳಗಾದರೆ ಅಲ್ಲಿಗೇ ಕೈ ನಿಲ್ಲಿಸಿ. ಒಳಗೆ ಸೂಕ್ಷ್ಮ ಬಿರುಕುಗಳು ಆಗಲೇ ಎದ್ದಿರುತ್ತವೆ. ಇಂಡಿಕೇಟರಿನ ವೈರು ಪ್ಯಾನೆಲ್ಲಿಗೆ ತಗುಲಿಕೊಂಡಿರಬಹುದು, ಕನೆಕ್ಟರ್ ಕಳಚದೆ ದೂರ ಎಳೆಯಬೇಡಿ.

ಹೊದಿಕೆ ಸರಿಯಾಗಿ ಕಳಚುವುದು ಎಷ್ಟು ಮುಖ್ಯವೆಂದು ತುಂಬದವರಿಗೆ ಹೇಳಬೇಕಿಲ್ಲ. 2017ರ ಆಗಸ್ಟ್ 31ರಂದು ಪಿಎಸ್‌ಎಲ್‌ವಿ-ಸಿ39 ರಾಕೆಟ್ ಶ್ರೀಹರಿಕೋಟಾದಿಂದ ಏರಿತು. ಎಂಜಿನ್‌ಗಳು ಕೆಲಸ ಮಾಡಿದವು. ಆದರೆ ಉಪಗ್ರಹದ ಮೇಲಿನ ಉಷ್ಣಕವಚ ಕಳಚಲೇ ಇಲ್ಲ. ಐಆರ್‌ಎನ್‌ಎಸ್‌ಎಸ್-1ಎಚ್ ಉಪಗ್ರಹ ಅದರೊಳಗೇ ಸಿಕ್ಕಿಬಿತ್ತು.

ಹೊಸ ಪ್ಯಾನೆಲ್ ಕೂರಿಸುವಾಗ ಸ್ಕ್ರೂಗಳನ್ನು ಮೈಮೇಲಿನ ಬಲವೆಲ್ಲ ಹಾಕಿ ಬಿಗಿಯುವುದು ತಪ್ಪು. 60 ಸೆಂಟಿಮೀಟರ್ ಉದ್ದದ ಎಬಿಎಸ್ ಪ್ಯಾನೆಲ್ 30 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅಡಿಯ ಉಕ್ಕು ಹಿಗ್ಗುವುದು 0.2 ಮಿಲಿಮೀಟರಿನಷ್ಟು. ಈ ವ್ಯತ್ಯಾಸಕ್ಕೆ ಜಾಗ ಕೊಡಲೆಂದೇ ಕೆಲವು ತೂತುಗಳನ್ನು ಉದ್ದಕ್ಕೆ ಕೊರೆದಿರುತ್ತಾರೆ, ರಬ್ಬರ್ ಬುಷ್ ಇಟ್ಟಿರುತ್ತಾರೆ. ಅದುಮಿ ಬಿಗಿದರೆ ಬಿಸಿಲಿನಲ್ಲಿ ಪ್ಯಾನೆಲ್ ಸ್ಕ್ರೂವಿನ ಬುಡದಿಂದಲೇ ಸೀಳುತ್ತದೆ. ಪ್ಲಾಸ್ಟಿಕ್ಕಿಗೆ ನೇರ ಕಚ್ಚುವ ಸ್ಕ್ರೂವನ್ನು ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ. ಹಳೆಯ ಥ್ರೆಡ್ಡಿಗೆ ಅದು ಟಕ್ಕೆಂದು ಇಳಿದದ್ದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಬಲಕ್ಕೆ ತಿರುಗಿಸಿ. ಹಾಗೆ ಮಾಡದಿದ್ದರೆ ಪ್ರತಿ ಸಲವೂ ಹೊಸ ಥ್ರೆಡ್ ಕೊರೆದು ತೂತು ಸಡಿಲಾಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಬಿಸಿಲುಂಡ ಗಾಡಿಗೆ ಕಾರ್ಖಾನೆಯ ಹೊಸ ಪ್ಯಾನೆಲ್ ಕೂಡ ನಿಖರವಾಗಿ ಹೊಂದುವುದಿಲ್ಲ. ಖರ್ಚಿನ ಬಗ್ಗೆ ಇನ್ನೊಂದು. ಸಾಮಾನ್ಯ ಸಮಗ್ರ ವಿಮೆಯಲ್ಲಿ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ, ಕ್ಲೇಮು ಮಾಡಿದ ವರ್ಷ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಒಂದೇ ಪ್ಯಾನೆಲ್ಲಿಗೆ ವಿಮೆಯ ಬಾಗಿಲು ತಟ್ಟುವುದು ಲಾಭದ ಬಾಬ್ತಲ್ಲ.

ಪ್ಯಾನೆಲ್ ಬಿಚ್ಚಿದಾಗ ಒಳಗಿನ ಚಾಸಿಯನ್ನು ನೋಡದೆ ಮುಚ್ಚಬೇಡಿ. ಉಪ್ಪು, ಮರಳು, ಕೆಸರು ಸೇರುವುದು ಅಲ್ಲಿ, ಭಾರ ಹೊರುವುದೂ ಅದೇ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತುಕ್ಕು ಕಂಡ ಕಡೆ ಉಜ್ಜಿ ಪ್ರೈಮರ್ ಹಚ್ಚಿ, ನೀರು ಬಸಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಕೇರಳಕ್ಕೂ ನಮ್ಮ ಕರಾವಳಿಗೂ ಮುಂಗಾರು ಜೂನ್ ಆರಂಭದಲ್ಲಿ ಬರುತ್ತದೆ. ಈ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.