ಹೇಳಿಕೊಳ್ಳಲು ನಮ್ಮಲ್ಲೇನಿದೆ?

ಎಂಬಿಎಗೆ ಅರ್ಜಿ ಹಾಕುವ ನಮ್ಮ ಮಕ್ಕಳಲ್ಲಿ ಅನೇಕರು ಪ್ರವೇಶ ಪರೀಕ್ಷೆಗೆ ಹೆದರುವುದಿಲ್ಲ. ಆದರೆ ಅರ್ಜಿಯ ಜೊತೆ ಕೇಳುವ ಪ್ರಬಂಧದ ಮುಂದೆ ಕಂಗಾಲಾಗುತ್ತಾರೆ. “ಹೇಳಿಕೊಳ್ಳುವಂಥದ್ದು ನನ್ನ ಬದುಕಿನಲ್ಲೇನಿದೆ?” ಎಂಬುದು ಅವರ ಅಳಲು.

ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನಿಂದ ಹಿಡಿದು ಅಮೆರಿಕದ ವಿಶ್ವವಿದ್ಯಾನಿಲಯಗಳವರೆಗೆ ಹಲವು ಕಡೆ ಇಂಥ ಪ್ರಬಂಧ ಕಡ್ಡಾಯ. ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಯಾವುದು, ಏಕೆ ಎಂಬ ಸ್ಟ್ಯಾನ್‌ಫರ್ಡ್‌ನ ಪ್ರಶ್ನೆ ಪ್ರಸಿದ್ಧ. ಹಾರ್ವರ್ಡ್ 2024ರಲ್ಲಿ ಮೂರು ಕಿರು ಪ್ರಬಂಧಗಳ ಕ್ರಮ ತಂದಿತು: ವೃತ್ತಿಯ ಆಯ್ಕೆ, ನಾಯಕತ್ವ, ಕುತೂಹಲದಿಂದಾದ ಬೆಳವಣಿಗೆ. ಮೊದಲನೆಯದಕ್ಕೆ 300 ಪದ, ಉಳಿದವಕ್ಕೆ ತಲಾ 250 ಪದಗಳ ಮಿತಿ. ಇಷ್ಟು ಜಾಗದಲ್ಲಿ ಸಾಧನೆಗಳ ಪಟ್ಟಿ ಹಿಡಿಸದು. ಒಂದು ಘಟನೆಯನ್ನು ಸರಿಯಾಗಿ ಹೇಳಬಹುದು, ಅಷ್ಟೆ.

ಯಾವ ಘಟನೆ? ದೊಡ್ಡದೇ ಆಗಬೇಕಿಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ನಿರ್ಧಾರ ನನ್ನದಾಗಿತ್ತೇ? ಅದರಿಂದ ಯಾರಿಗಾದರೂ ಏನಾದರೂ ಬದಲಾಯಿತೇ? ಆಮೇಲೆ ನಾನು ನಡೆದುಕೊಳ್ಳುವ ರೀತಿ ಬದಲಾಯಿತೇ?

ತಂದೆಯ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ ನೋಡಿಕೊಂಡ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಬಾಕಿ ಏರುತ್ತಿರುವುದನ್ನು ಕಂಡು ಎಲ್ಲರಿಗೂ ಒಂದೇ ಮಿತಿ ಹಾಕಿದಳು. ಹಳೆಯ ಗಿರಾಕಿಯೊಬ್ಬರು ನೊಂದು ಅಂಗಡಿಗೆ ಬರುವುದನ್ನೇ ಬಿಟ್ಟರು. ಅವಳು ಅವರ ಮನೆಗೆ ಹೋಗಿ ಕಷ್ಟ ಕೇಳಿದಳು, ಅವರವರ ದುಡಿಮೆಗೆ ತಕ್ಕಂತೆ ಕಂತು ಮಾಡಿದಳು. ಕಾಲೇಜು ಸಂಘದ ಅಧ್ಯಕ್ಷತೆಗಿಂತ ಈ ಘಟನೆಯಲ್ಲಿ ಹೇಳಲು ಹೆಚ್ಚಿದೆ, ಏಕೆಂದರೆ ಇಲ್ಲಿ ಅವಳ ತಪ್ಪೂ ಇದೆ, ತಿದ್ದಿಕೊಂಡದ್ದೂ ಇದೆ.

ಸಂಕೋಚದಿಂದ ನಮ್ಮವರು ಎಲ್ಲಕ್ಕೂ “ನಾವು ಮಾಡಿದೆವು” ಎನ್ನುತ್ತಾರೆ. ಓದುವವರಿಗೆ ಬೇಕಿರುವುದು ನಿಮ್ಮ ಪಾಲು. ಇದ್ದಷ್ಟನ್ನು ಇದ್ದ ಹಾಗೆ ಹೇಳುವುದು ಜಂಬವಲ್ಲ. ಇಲ್ಲದ್ದನ್ನು ಸೇರಿಸುವುದು ಮಾತ್ರ ವಂಚನೆ. ಹಣ ಕೊಟ್ಟು ಬರೆಸಿದ ಕಥೆ ಸಂದರ್ಶನದ ಎರಡನೆಯ ಪ್ರಶ್ನೆಗೇ ತಡವರಿಸಬಹುದು. ಹಲವು ಸಂಸ್ಥೆಗಳು ಸೀಟು ಕೊಟ್ಟ ಮೇಲೂ ಹಿನ್ನೆಲೆ ಪರಿಶೀಲಿಸುತ್ತವೆ. ಸುಳ್ಳು ಹೊರಬಿದ್ದರೆ ಸೀಟೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಹೆತ್ತವರು ಇಂಗ್ಲಿಷ್ ಬಾರದೆಂದು ಹಿಂದೆ ಸರಿಯಬೇಡಿ. ಮಕ್ಕಳು ಮರೆತ ಎಷ್ಟೋ ಘಟನೆಗಳು ನಿಮಗೆ ನೆನಪಿರುತ್ತವೆ. ಅವರು ಬರೆಯಲು ಕೂರುವ ಮುನ್ನ ಒಂದು ಸಂಜೆ ಜೊತೆಗೆ ಕುಳಿತು ಅವನ್ನು ನೆನಪಿಸಿಕೊಡಿ.